ಇದ್ದಿಲಮ್ಮ ಮತ್ತು ತೂಬಿನ ಮರ

ನಮ್ಮ ಮನೆಯ ಹಳಸಿದ ಸಾರನ್ನು ಎರಡು ಸಲ ಹಾಕಿಸಿಕೊಂಡು, "ಚೆನ್ನಾಗಿದೆ ಕಣ್ರೀ" ಎಂದು ಹೊಗಳಿ ಉಂಡವರು ಈ ಲೋಕದಲ್ಲಿ ಅವರೊಬ್ಬರೇ. ನಾನು ಒಂದು ತುತ್ತು ಬಾಯಿಗಿಟ್ಟು ಬಚ್ಚಲಿಗೆ ಓಡಿ ಬಂದು ನೋಡಿದರೆ ಅವರ ತಟ್ಟೆ ಆಗಲೇ ಖಾಲಿ. "ಹುಳಿ ಸ್ವಲ್ಪ ಮುಂದಾಗಿದೆ ಅಂದ್ಕೊಂಡೆ" ಎಂದರು. ಆಗ ಗೊತ್ತಾಯಿತು, ಅವರಿಗೆ ವಾಸನೆ ಬರುವುದಿಲ್ಲವೆಂದು. ಇಡೀ ಆಯುಸ್ಸು ಪ್ರಯೋಗಾಲಯದ ಆಮ್ಲಗಳ ನಡುವೆ ಕಳೆದು ಮೂಗು ಸತ್ತುಹೋಗಿತ್ತಂತೆ. ಅದನ್ನೂ ಅವರು ಚಪ್ಪಲಿ ಸವೆದಿದೆ ಎನ್ನುವ ಹಾಗೆ ಹೇಳಿದರು.

ಅವರು ತೀರಿಕೊಂಡ ಸುದ್ದಿ ಕಳೆದ ತಿಂಗಳು ಫೋನಿನಲ್ಲಿ ಬಂತು. ಫೋನಿಟ್ಟ ಮೇಲೆ ಮೊದಲು ನೆನಪಾದದ್ದು ಅವರ ವಿದ್ಯೆಯೂ ಅಲ್ಲ, ಹೆಸರೂ ಅಲ್ಲ, ಆ ಸಾರು. ನಗು ಬಂತು. ಆಮೇಲೆ ಅಳುವೂ ಬಂತು.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು. ನಾನಾಗ ಕೊಪ್ಪದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಹಿಟ್ಟಿನ ಗಿರಣಿಯ ಪಕ್ಕದ ಮನೆ ನನ್ನದು. ಗಿರಣಿಯ ಸದ್ದಿಗೆ ಬಾಡಿಗೆದಾರರು ಯಾರೂ ನಿಲ್ಲುತ್ತಿರಲಿಲ್ಲ. ಬೇಸಿಗೆ ತಿಂಗಳುಗಳಿಗೆ ಮುಂದಿನ ಕೋಣೆ ಬೇಕು ಎಂದು ಬಂದ ಈ ಹೆಂಗಸು ಮಾತ್ರ ಸದ್ದನ್ನು ಕೇಳಿ, "ನಮ್ಮ ಲ್ಯಾಬಿನ ಪಂಪುಗಳಿಗಿಂತ ಎಷ್ಟೋ ವಾಸಿ" ಎಂದು ಅಡ್ವಾನ್ಸ್ ಕೊಟ್ಟೇ ಬಿಟ್ಟರು. ಮೈಸೂರಿನ ಕಡೆಯವರು. ತೆಳ್ಳಗೆ, ಎತ್ತರಕ್ಕೆ, ಗಂಡಸರ ವಾಚು, ಎಣ್ಣೆ ಕಾಣದ ತಲೆ. ಆ ಒಣ ತಲೆ ನೋಡಿ ಬೀದಿಯ ಹೆಂಗಸರು ನನ್ನ ಹತ್ತಿರ ಗುಟ್ಟಾಗಿ, "ಪಾಪ, ಯಾರೂ ಇಲ್ವಾ ಅವ್ರಿಗೆ?" ಎಂದು ಕೇಳಿದ್ದರು.

ಅವರ ಕೆಲಸ ಇದ್ದಿಲು ಆಯುವುದು. ಶೃಂಗೇರಿ ಕಡೆಯ ನೆಮ್ಮಾರಿನ ಕಾಡಿನಂಚಿನಲ್ಲಿ, ಬೇಗಾರಿನ ಗುಡ್ಡದ ಬುಡದಲ್ಲಿ ಗುಂಡಿ ತೋಡಿಸಿ, ಮಣ್ಣಿನ ಪದರಗಳಲ್ಲಿ ಸಿಕ್ಕಿಕೊಂಡ ಇದ್ದಿಲಿನ ಚೂರುಗಳನ್ನು ಚಿಮಟದಲ್ಲಿ ಎತ್ತಿ, ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿ ಇಡುತ್ತಿದ್ದರು. ಈ ಕಾಡಿಗೆ ಯಾವ ಯಾವ ಕಾಲದಲ್ಲಿ ಬೆಂಕಿ ಬಿದ್ದಿತ್ತು, ಯಾವಾಗ ಜನ ಕಡಿದು ಗದ್ದೆ ಮಾಡಿದರು ಎಂಬುದು ಅವರಿಗೆ ಬೇಕಿತ್ತು. ಸಾಗುವಾನಿ, ಬೀಟೆ ಕದ್ದವರನ್ನು ಕಂಡಿದ್ದ ನಮ್ಮ ಜನಕ್ಕೆ ಮಣ್ಣಿನೊಳಗಿನ ಮಸಿಯನ್ನು ಬಂಗಾರದ ಹಾಗೆ ಕಟ್ಟಿಕೊಂಡು ಹೋಗುವವರು ಹೊಸಬರು. ಒಂದೇ ಬೇಸಿಗೆಯಲ್ಲಿ ಅವರಿಗೆ 'ಇದ್ದಿಲಮ್ಮ' ಎಂಬ ಹೆಸರು ಬಿತ್ತು. ಅವರಿಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ.

ಅವರ ಮಡಿ ನನ್ನ ಅಜ್ಜಿಯ ಮಡಿಯನ್ನೂ ಮೀರಿಸಿದ್ದು. ಗುಂಡಿಯ ಹತ್ತಿರ ಬೀಡಿ ಸೇದುವಂತಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡವರು ಬಗ್ಗುವಂತಿಲ್ಲ. ಊದುಬತ್ತಿ ಹಚ್ಚುವಂತಿಲ್ಲ. ಹತ್ತಿ, ಕಾಗದ ತಾಗಿಸುವಂತಿಲ್ಲ. ನಾನು ಒಮ್ಮೆ, "ನಮ್ಮಜ್ಜಿಗೆ ದೇವರಿದ್ದರು ಸರಿ, ನಿಮಗೆ ಯಾರ ಭಯ?" ಎಂದೆ.

"ಆ ಯಂತ್ರದ್ದು" ಎಂದರು.

ಯಂತ್ರದ ವಿಷಯ ಅವರು ಚೆನ್ನಾಗಿ ತಿಳಿಸಿ ಹೇಳಿದ್ದು ನನಗಲ್ಲ, ಬಾಷಾ ಅವರಿಗೆ. ಬಾಷಾ ಕೊಪ್ಪದಲ್ಲಿ ಜೀಪು ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಿದ್ದವರು. ಜೊತೆಗೆ ಒಂದು ಸಣ್ಣ ಗ್ಯಾರೇಜು. ಇದ್ದಿಲಮ್ಮನಿಗೆ ಖಾಯಂ ಸಾರಥಿ. ಶೃಂಗೇರಿಯಿಂದ ವಾಪಸು ಬರುವಾಗ ಒಂದು ತಿರುವಿನಲ್ಲಿ ಅವರು ಕೇಳಿದರು: "ಬಾಷಾ ಅವರೇ, ಲೋಡ್ ಲಾರಿ, ಖಾಲಿ ಲಾರಿ ಎರಡೂ ಒಂದೇ ಸ್ಪೀಡಲ್ಲಿ ಈ ತಿರುವಿಗೆ ಬಂದ್ರೆ ಯಾವುದು ಹೊರಗಡೆಗೆ ಎಳೆಯತ್ತೆ?"

"ಲೋಡ್ ಇದ್ದಿದ್ದೇ ಮೇಡಂ. ಅದಕ್ಕೇ ಅಲ್ವಾ ಆ ಕಲ್ಲುಗಳೆಲ್ಲ ಕಿತ್ತು ಹೋಗಿರೋದು."

"ಅಷ್ಟೇ ನಮ್ಮ ಯಂತ್ರ. ಇದ್ದಿಲಿನ ಕಣಗಳನ್ನ ಜೋರಾಗಿ ಓಡಿಸಿ ಒಂದು ತಿರುವಿಗೆ ತರ್ತೀವಿ. ಭಾರದ್ದು ಹೊರಗಡೆ ಹೋಗತ್ತೆ, ಹಗುರದ್ದು ಒಳಗಡೆ. ನಮಗೆ ಬೇಕಾದ ಭಾರದ ಕಣ ಲಕ್ಷ ಕೋಟಿಗೆ ಒಂದು. ಅದನ್ನ ಒಂದೊಂದಾಗಿ ಹಿಡಿದು ಎಣಿಸ್ತೀವಿ."

ಮರ ಬದುಕಿರುವಾಗ ಗಾಳಿಯಿಂದ ಆ ಭಾರದ ಇಂಗಾಲ ಸೇರುತ್ತಲೇ ಇರುತ್ತದೆ, ಸತ್ತ ಮೇಲೆ ಸೇರುವುದು ನಿಂತು ಇದ್ದದ್ದು ನಿಧಾನಕ್ಕೆ ಕರಗುತ್ತದೆ, ಎಷ್ಟು ಉಳಿದಿದೆ ನೋಡಿದರೆ ಸತ್ತು ಎಷ್ಟು ಕಾಲವಾಯಿತು ಹೇಳಬಹುದು. ಇಷ್ಟನ್ನು ನಾನೂ ಪಾಠದಲ್ಲಿ ಹೇಳುತ್ತಿದ್ದೆ. ಹಿಂದೆ ಇದಕ್ಕೆ ಮುಷ್ಟಿ ತುಂಬ ಇದ್ದಿಲು ಬೇಕಿತ್ತು, ಈ ಯಂತ್ರಕ್ಕೆ ಒಂದು ಭತ್ತದ ಕಾಳು ಸಾಕು ಎಂಬುದು ಮಾತ್ರ ನನಗೂ ಹೊಸದು. ಕಾಳಿನಷ್ಟರಲ್ಲೇ ಲೆಕ್ಕ ಮುಗಿಯುವಾಗ ಒಂದು ತೊಟ್ಟು ತಲೆಯೆಣ್ಣೆ ತಾಗಿದರೂ ಕೆಟ್ಟಿತು. ಮಡಿಯ ಮರ್ಮ ಇದು.

ಅವರದು ಇನ್ನೊಂದು ಮಾತಿತ್ತು. ಯಾವ ವಯಸ್ಸನ್ನೂ 'ಹೆಚ್ಚು ಕಡಿಮೆ' ಸೇರಿಸದೆ ಹೇಳುತ್ತಿರಲಿಲ್ಲ. ಎಂಟುನೂರು ವರ್ಷ, ನಲವತ್ತು ಹೆಚ್ಚು ಕಡಿಮೆ. "ಹೆಚ್ಚು ಕಡಿಮೆ ಹೇಳದವನ ಮಾತು ನಂಬಬೇಡಿ. ಅವನಿಗೆ ತನ್ನ ತಪ್ಪು ಎಷ್ಟು ಅಂತಲೇ ಗೊತ್ತಿಲ್ಲ" ಎನ್ನುವರು. ಇದನ್ನು ನಾನು ಮಕ್ಕಳಿಗೆ ಹೇಳಿ ಕೆಟ್ಟೆ. ಪರೀಕ್ಷೆಯಲ್ಲಿ ಒಬ್ಬಳು ಪ್ರತಿ ಉತ್ತರದ ಮುಂದೆ 'ಹೆಚ್ಚು ಕಡಿಮೆ' ಎಂದು ಬರೆದು ಬಂದಳು. ತಮ್ಮ ಸ್ವಂತ ವಯಸ್ಸನ್ನು ಮಾತ್ರ ಇದ್ದಿಲಮ್ಮ ಹೆಚ್ಚು ಕಡಿಮೆಯಲ್ಲೂ ಹೇಳಲಿಲ್ಲ. ಕೇಳಿದರೆ, "ಸ್ಯಾಂಪಲ್ ತೆಗೆದು ಕಳಿಸ್ರೀ" ಎನ್ನುವರು.

ಹಾಗೆ ಬರೆದು ಬಂದ ಹುಡುಗಿಯ ತಂದೆ ಮರುಳಪ್ಪನವರು. ನರಸಿಂಹರಾಜಪುರದ ದಾರಿಯಲ್ಲಿ ಅವರ ಊರು. ರಸ್ತೆ ಪಕ್ಕದಲ್ಲೇ ಕೆರೆ, ಏರಿಯ ಮೇಲೆ ಬಸವಣ್ಣನ ಕಟ್ಟೆ. ಆ ಕೆರೆಗೆ ಮಣ್ಣು ತುಂಬಿ ಬಸ್ ಸ್ಟ್ಯಾಂಡು, ಅಂಗಡಿ ಸಾಲು ಮಾಡಬೇಕೆಂದು ಊರಿನಲ್ಲೇ ಕೆಲವರು ಓಡಾಡುತ್ತಿದ್ದರು. ಹೂಳು ತುಂಬಿ ಕೆರೆ ಹೊಂಡದ ಹಾಗೆ ಆಗಿದ್ದರಿಂದ ಅವರ ಮಾತಿಗೆ ಬಲವೂ ಬಂದಿತ್ತು. ಮರುಳಪ್ಪನವರು ಹಟ ತೊಟ್ಟು ಊರವರನ್ನು ಸೇರಿಸಿ ಒಂದು ಬೇಸಿಗೆ ಹೂಳು ತೆಗೆಸಿದರು. ಆಗ ಏರಿಯ ಬುಡದಲ್ಲಿ, ಕೆರೆಯ ನೀರು ಗದ್ದೆಗೆ ಬಿಡುವ ತೂಬಿನ ಜಾಗದಲ್ಲಿ, ಕಲ್ಲಿನ ತೂಬಿಗಿಂತಲೂ ಕೆಳಗೆ, ಒಂದು ದಿಮ್ಮಿ ಸಿಕ್ಕಿತು. ಇಡೀ ಮರವನ್ನು ಉದ್ದಕ್ಕೆ ಕೊರೆದು ಕೊಳವೆ ಮಾಡಿದ್ದರು. ಕೆಸರಿನಲ್ಲಿದ್ದು ಇದ್ದು ಕರ್ರಗೆ ಕಬ್ಬಿಣದ ಹಾಗಾಗಿತ್ತು.

ಮಗಳು ಶಾಲೆಯಲ್ಲಿ ನನಗೆ ಹೇಳಿದಳು, ನಾನು ಇದ್ದಿಲಮ್ಮನಿಗೆ ಹೇಳಿದೆ; ದಿಮ್ಮಿಗೆ ಪೂಜೆ ಮಾಡಬೇಡಿ ಎಂದು ಮರುಳಪ್ಪನವರಿಗೂ ಹೇಳಿ ಕಳಿಸಿದೆ. ಬಾಷಾ ಅವರ ಜೀಪಿನಲ್ಲಿ ನಾವು ಹೋಗುವ ಹೊತ್ತಿಗೆ ಕೆಲವು ವಾರ ಕಳೆದಿದ್ದವು. ದಿಮ್ಮಿ ಬಸವಣ್ಣನ ಕಟ್ಟೆಯ ಮೇಲೆ ಮಲಗಿತ್ತು.

"ಅರಿಶಿನ ಕುಂಕುಮ ಹಚ್ಚಿದೀರಾ?" ಎಂದು ಇದ್ದಿಲಮ್ಮ ಮರುಳಪ್ಪನವರನ್ನು ಕೇಳಿದರು.

"ಇಲ್ಲ ಅಮ್ಮ. ಟೀಚರಮ್ಮ ಹೇಳಿ ಕಳ್ಸಿದ್ರಲ್ಲ."

"ದೀಪದ ಎಣ್ಣೆ? ತುಪ್ಪ? ಹಾಲು?"

"ಎಂತದೂ ಇಲ್ಲ. ಊದಿನಕಡ್ಡಿ ಸಹ ಹಚ್ಲಿಲ್ಲ, ನಿಮ್ಮಾಣೆ."

ದಿಮ್ಮಿಯ ಒಂದು ತುದಿಯಿಂದ ಬೆರಳಿನಷ್ಟು ಚಕ್ಕೆ ಎಬ್ಬಿಸಿಕೊಂಡು, ಹಾಳೆಯಲ್ಲಿ ಸುತ್ತಿಕೊಂಡು ಬಂದರು. ಬರುವಾಗ ಮರುಳಪ್ಪನವರು ಜೀಪಿನ ಬಾಗಿಲು ಹಿಡಿದು, "ಅಮ್ಮ, ಹಳೇ ಕೆರೆ ಅಂತ ಆಧಾರ ಸಿಕ್ರೆ ಮಣ್ಣು ಹಾಕಾಕಾಗಲ್ಲ ಅಂತಾರೆ. ನೀವೇ ನೋಡ್ಬೇಕು" ಎಂದರು. ಇದ್ದಿಲಮ್ಮ, "ಯಂತ್ರ ನೋಡತ್ತೆ" ಎಂದರು. ಎಂಥ ಒಣ ಹೆಂಗಸಪ್ಪ ಎಂದುಕೊಂಡೆ.

ಆಗ ನಮ್ಮ ದೇಶದಲ್ಲಿ ಅಂಥ ಯಂತ್ರಗಳು ಬೆರಳೆಣಿಕೆಯಷ್ಟು. ಸರದಿ ಕಾಯಬೇಕು. ಉತ್ತರ ಬಂದದ್ದು ಮರುವರ್ಷದ ಬೇಸಿಗೆಯಲ್ಲಿ, ನಮ್ಮ ಮನೆಯ ಫೋನಿಗೆ. ಅವರು ಗೋಡೆಗೆ ಮುಖ ಮಾಡಿ ನಿಂತು, "ನಾಲ್ಕು ಸಾವಿರವಾ? ಸರಿಯಾಗಿ ಹೇಳು, ನಾಲ್ಕು ಸಾವಿರವಾ?" ಎಂದು ಕೇಳಿದರು. ಜಗಲಿಯಲ್ಲಿ ಜೀಪಿನ ಕೀಲಿ ತಿರುಗಿಸುತ್ತ ಕುಳಿತಿದ್ದ ಬಾಷಾ ಅವರಿಗೆ ಅಷ್ಟು ಸಾಕಾಯಿತು. ಆವತ್ತೇ ಸುದ್ದಿ ನರಸಿಂಹರಾಜಪುರ ದಾಟಿತು. ಊರಿನಲ್ಲಿ ಕಾಯಿ ಒಡೆದರಂತೆ. ಏರಿಯ ಮೇಲೆ 'ನಾಲ್ಕು ಸಾವಿರ ವರ್ಷದ ಪುರಾತನ ಕೆರೆ' ಎಂದು ಬೋರ್ಡು ಎದ್ದಿತು. ಸ್ಥಳ ನೋಡಲು ತಾಲ್ಲೂಕಿನಿಂದ ಸಾಹೇಬರು ಬರುವುದೂ ಅದೇ ವಾರ ಗೊತ್ತಾಯಿತು.

ಇದ್ದಿಲಮ್ಮ ಮಾತ್ರ ಫೋನಿಟ್ಟವರು ಊಟ ಸೇರದೆ ಕೂತಿದ್ದರು. "ಆಗೋದಿಲ್ಲ. ಮರದಲ್ಲಿ ಕಬ್ಬಿಣದ ಉಳಿಯ ಗುರುತಿದೆ. ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿ ಕಬ್ಬಿಣದ ಉಳಿ ಯಾರ ಹತ್ರ ಇತ್ತು?"

ಸಾಹೇಬರು ಬರುವ ದಿನ ನಾವು ಮುಂಚೆಯೇ ಹೋದೆವು. ಮರುಳಪ್ಪನವರು ಹೊಸ ಪಂಚೆ ಉಟ್ಟು ಮದುವೆ ಮನೆಯ ಯಜಮಾನರ ಹಾಗೆ ಓಡಾಡುತ್ತಿದ್ದರು. ಇದ್ದಿಲಮ್ಮ ದಿಮ್ಮಿಯ ಪಕ್ಕ ಕೂತು, ಈ ಸಲ ಪೂಜೆಯ ಮಾತೆತ್ತದೆ ಕೇಳಿದರು: "ಮಣ್ಣಿಂದ ತೆಗೆದ ದಿನದಿಂದ ಇದನ್ನ ಹೇಗೆ ನೋಡಿಕೊಂಡ್ರಿ? ಒಂದೊಂದೇ ಹೇಳಿ."

"ತೊಳ್ದ್ವಿ. ನೆರಳಲ್ಲಿ ಇಟ್ವಿ. ಬಿಸ್ಲಿಗೆ ಬಿರುಕು ಬಿಡ್ತದೆ ಅಂತ ಗೋಣಿ ಹೊಚ್ಚಿದ್ವಿ. ಗೆದ್ಲು ಹತ್ಬಾರ್ದು ಅಂತ ವೇಸ್ಟ್ ಆಯಿಲ್ ಕುಡ್ಸಿದ್ವಿ."

"ಏನು?"

"ವೇಸ್ಟ್ ಆಯಿಲ್ ಅಮ್ಮ. ಎರಡೂ ತುದಿಗೆ ಚೆನ್ನಾಗಿ ಕುಡ್ಸಿದ್ವಿ. ಬಾಷಾ ಸಾಬ್ರೇ ಒಂದು ಕ್ಯಾನ್ ಕೊಟ್ಟಿದ್ದು, ದುಡ್ಡೂ ತಗೊಳ್ಲಿಲ್ಲ."

ಬಾಷಾ ಹಿಂದೆ ನಿಂತು ಹೆಮ್ಮೆಯಿಂದ ತಲೆದೂಗಿದರು. ನಮ್ಮ ಕಡೆ ಬೇಲಿ ಗೂಟದಿಂದ ಬಾಗಿಲವಾಡದವರೆಗೆ ಯಾವ ಮರಕ್ಕೂ ಗೆದ್ದಲಿಗೆ ಮದ್ದು ಅದೇ, ಗಾಡಿಯ ಇಂಜಿನ್ನಿನಿಂದ ಇಳಿಸಿದ ಕರಿ ಆಯಿಲು. ಅದು ಪೂಜೆಯಲ್ಲ, ಅಲಂಕಾರವಲ್ಲ, ಮಗುವಿಗೆ ಸ್ನಾನ ಮಾಡಿಸಿದ ಹಾಗೆ. ಹಚ್ಚಿದ್ದೀರಾ ಎಂದು ಕೇಳಿದರೆ ಯಾರಿಗೂ ಅದು ನೆನಪಾಗುವುದೇ ಇಲ್ಲ. ಕರಿ ಮರದ ಮೇಲೆ ಕರಿ ಆಯಿಲು ಕಣ್ಣಿಗೆ ಬೀಳಲಿಲ್ಲ. ಮೂಗಿದ್ದವರಿಗೆ ಗೊತ್ತಾಗಬೇಕಿತ್ತು, ಆದರೆ ನಾವೆಲ್ಲ ಬಾಷಾ ಅವರ ಜೀಪಿನಿಂದ ಇಳಿದವರು, ನಮ್ಮ ಬಟ್ಟೆಯೇ ಆಯಿಲ್ ವಾಸನೆ. ಇದ್ದಿಲಮ್ಮನಿಗೋ ಮೂಗೇ ಇರಲಿಲ್ಲ.

ಇದ್ದಿಲಮ್ಮ ಎದ್ದು ಏರಿಯ ತುದಿಯವರೆಗೆ ಒಬ್ಬರೇ ಹೋದರು. ನಾನು ಹಿಂದೆ ಹೋದೆ.

"ಸುಮ್ಮನಿರಿ" ಎಂದೆ. "ಯಂತ್ರ ಹೇಳಿದ್ದನ್ನೇ ಹೇಳಿ. ಸುಳ್ಳಲ್ಲವಲ್ಲ. ಕೆರೆ ಉಳಿಯುತ್ತದೆ."

"ಯಂತ್ರ ಆಯಿಲಿನ ವಯಸ್ಸನ್ನೂ ಸೇರಿಸಿ ಹೇಳಿದೆ ಕಣ್ರೀ. ನನಗೆ ಗೊತ್ತಾದ ಮೇಲೆ ಅದು ಸುಳ್ಳೇ."

"ಕೆರೆ ಹೋದರೆ ನಿಮ್ಮ ಸತ್ಯವನ್ನ ಎಲ್ಲಿಡ್ತೀರಿ?"

ಅವರು ತಿರುಗಿ ಕಟ್ಟೆಯ ಕಡೆ ನಡೆದರು. ಇಷ್ಟು ವರ್ಷವಾದರೂ, ಆವತ್ತು ನಾನು ಕೇಳಿದ್ದು ತಪ್ಪು ಎಂದು ನನಗೆ ಅನಿಸಿಲ್ಲ. ಅವರ ಹಟಕ್ಕೆ ಆ ಊರು ಯಾಕೆ ಬೆಲೆ ತೆರಬೇಕು?

ಸಾಹೇಬರು ಬಂದರು. ಊರು ಸೇರಿತು. ಇದ್ದಿಲಮ್ಮ ದಿಮ್ಮಿಯ ಪಕ್ಕ ನಿಂತು ಹೇಳಿದರು: "ಆ ಬೋರ್ಡಿನಲ್ಲಿರೋ ನಾಲ್ಕು ಸಾವಿರ ತಪ್ಪು. ಈ ಮರ ಗಾಡಿ ಆಯಿಲು ಕುಡಿದಿದೆ. ಅದು ನೆಲದಡಿಯಿಂದ ತೆಗೆದ ಎಣ್ಣೆ, ಕೋಟ್ಯಂತರ ವರ್ಷದ್ದು. ನಾವು ಎಣಿಸೋ ಇಂಗಾಲ ಅದರಲ್ಲಿ ಒಂದು ಕಣವೂ ಉಳಿದಿರಲ್ಲ. ಹಾಲಿಗೆ ನೀರು ಬೆರೆಸಿದ ಹಾಗಾಗಿದೆ. ತೆಳ್ಳಗಾದ್ದರಿಂದ ಮರ ಇದ್ದದ್ದಕ್ಕಿಂತ ಹಳೇದಾಗಿ ಕಂಡಿದೆ. ತಪ್ಪು ನನ್ನದು. ನಾನು ಸರಿಯಾಗಿ ಕೇಳಬೇಕಿತ್ತು."

ಗುಂಪಿನಲ್ಲಿ ಯಾರೋ, "ಈಯಮ್ಮ ಆ ಕಡೆಯೋರ ಹತ್ರ ತಿಂದಿರ್ಬೇಕು" ಎಂದರು. ಮರುಳಪ್ಪನವರು ಕಟ್ಟೆಯ ಅಂಚಿನಲ್ಲಿ ಕುಸಿದು ಕೂತು, ಹೊಸ ಪಂಚೆಯ ತುದಿಯಿಂದ ದಿಮ್ಮಿಯ ತುದಿಯನ್ನು ಉಜ್ಜತೊಡಗಿದರು. ಉಜ್ಜಿದರೆ ಹೋದೀತು ಎಂಬಂತೆ.

"ಹಾಗಾದ್ರೆ ನಿಜವಾದ ವಯಸ್ಸೆಷ್ಟು?" ಎಂದರು ಸಾಹೇಬರು.

"ಗೊತ್ತಿಲ್ಲ."

"ಗೊತ್ತಾಗೋದು ಯಾವಾಗ?"

"ಈ ಮರ ಕೂತಿದ್ದ ಜಾಗ ಕೆರೆಯೊಳಗೆ ಹಾಗೇ ಇದೆ. ತೂಬು ಸೋರದ ಹಾಗೆ ಭತ್ತದ ಹುಲ್ಲು ಬೆರೆಸಿದ ಜೇಡಿ ಮೆತ್ತಿರ್ತಾರೆ. ಅದಕ್ಕೆ ಆಯಿಲು ತಾಗಿಲ್ಲ. ಮಳೆ ಬರೋದರೊಳಗೆ ಒಂದು ಭತ್ತದ ಕಾಳು ಸಿಕ್ಕಿದ್ರೆ ಮುಂದಿನ ಬೇಸಿಗೆಗೆ ಹೇಳ್ತೀನಿ. ಮರಕ್ಕಿಂತ ಕಾಳು ವಾಸಿ. ಅದು ಒಂದೇ ವರ್ಷದ ಬೆಳೆ."

ಸಾಹೇಬರು ಫೈಲು ಮುಚ್ಚಿದರು. "ನನ್ನ ಸರ್ವೀಸಿನಲ್ಲಿ ತಮಗೆ ಅನುಕೂಲವಾಗಿರೋ ಆಧಾರ ತಾವೇ ತಪ್ಪು ಅಂದವರನ್ನ ನಾನು ಕಂಡಿಲ್ಲ ಮೇಡಂ. ಆಯ್ತು. ನೀವು ಹೇಳೋವರೆಗೂ ಕೆರೆಗೆ ಒಂದು ಬುಟ್ಟಿ ಮಣ್ಣೂ ಬೀಳೋದು ಬೇಡ" ಎಂದು ಜೀಪು ಹತ್ತಿದರು.

ನಾಲ್ಕು ಸಾವಿರ ವರ್ಷ ಎಂದಿದ್ದರೆ ಇಷ್ಟು ಕೆಲಸವಾಗುತ್ತಿತ್ತೋ ಇಲ್ಲವೋ ದೇವರೇ ಬಲ್ಲ. 'ಗೊತ್ತಿಲ್ಲ' ಎಂದದ್ದಕ್ಕೆ ಒಂದು ವರ್ಷ ಸಿಕ್ಕಿತು. ಆದರೆ ಆ ಹೊತ್ತಿಗೆ ಊರಿನವರಿಗೆ ಅದು ಗೆಲುವಾಗಿ ಕಾಣಲಿಲ್ಲ. ಎಲ್ಲರೂ ಚದುರಿದರು. ಇದ್ದಿಲಮ್ಮ ಮರುಳಪ್ಪನವರ ಪಕ್ಕ ಹೋಗಿ ಕೂತರು.

"ನಾನೇ ಹಾಳು ಮಾಡ್ದೆ ಅಮ್ಮ" ಎಂದರು ಅವರು, ತಲೆಯೆತ್ತದೆ.

"ನೀವು ಗೆದ್ದಲಿಂದ ಉಳಿಸಿದ್ರಿ. ಬೇರೆಯವರಾಗಿದ್ರೆ ಒಲೆಗೆ ಹಾಕ್ತಿದ್ರು. ಏಳಿ, ನನಗೆ ಆ ಜಾಗ ತೋರಿಸಿ."

ಆಮೇಲಿನದು ನೋಡುವಂತಿತ್ತು. ಮೋಡ ಕಟ್ಟುತ್ತಿತ್ತು, ಇಂದೋ ನಾಳೆಯೋ ಮಳೆ. ಮರುಳಪ್ಪನವರು ಮನೆಗೆ ಹೋಗಿ ಸೀಗೆಪುಡಿಯಲ್ಲಿ ತಲೆ ತಿಕ್ಕಿಕೊಂಡು, ಎಣ್ಣೆಯ ಸುಳಿವಿಲ್ಲದೆ, ಬರಿಗೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಂದರು. ಬಾಷಾ ಅವರನ್ನು ಜೀಪಿನ ಸಮೇತ ಏರಿಯಿಂದ ಆಚೆ ನಿಲ್ಲಿಸಿದರು. ಪಾಪ, ಅವರು ದೂರದಿಂದಲೇ, "ಸಿಕ್ತಾ ಮಾರಾಯ್ರೆ?" ಎಂದು ಕೂಗುತ್ತಿದ್ದರು. ಬೀಡಿ ಸೇದುತ್ತ ಹತ್ತಿರ ಬಂದವನನ್ನು ಇದ್ದಿಲಮ್ಮ ಬಾಯಿ ತೆರೆಯುವ ಮೊದಲೇ ಮರುಳಪ್ಪನವರು ಅಟ್ಟಿಸಿಕೊಂಡು ಹೋದರು. ಜೇಡಿಯ ಹೆಂಟೆಗಳನ್ನು ಬಿಡಿಸುತ್ತ ಬಿಡಿಸುತ್ತ ಕೊನೆಗೆ ಹುಲ್ಲಿನ ಎಳೆಗಳು ಕಂಡವು. ಅವುಗಳ ನಡುವೆ, ಸಿಪ್ಪೆಯೊಂದಿಗೇ ಕಪ್ಪಾಗಿದ್ದ ಕಾಳುಗಳು. ಮೊದಲ ಕಾಳು ಕಂಡದ್ದು ಮರುಳಪ್ಪನವರಿಗೆ. ಮುಟ್ಟಲಿಲ್ಲ. "ಅಮ್ಮ, ಇಲ್ಲಿ" ಎಂದು ಉಸಿರು ಹಿಡಿದು ಕೂತರು, ಉಸಿರು ತಾಗಿದರೂ ಕೆಟ್ಟೀತೆಂದು. ನಾವು ಕೊಪ್ಪ ತಲುಪುವ ಮೊದಲೇ ಮಳೆ ಹಿಡಿಯಿತು.

ಉತ್ತರ ಮರುವರ್ಷ ಬಂತು. ಐನೂರು ವರ್ಷ, ನಲವತ್ತು ಹೆಚ್ಚು ಕಡಿಮೆ. ಅಷ್ಟರಲ್ಲಿ ಹೂಳು ತೆಗೆದ ಕೆರೆ ತುಂಬಿ, ಸುತ್ತಲ ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರು ನಿಂತು, ಮಣ್ಣು ತುಂಬುವ ಮಾತು ಆಡುತ್ತಿದ್ದವರ ಬಾವಿಗಳೂ ತುಂಬಿದ್ದವು. ಬಸ್ ಸ್ಟ್ಯಾಂಡು ರಸ್ತೆಯ ಆಚೆಗೆ ಹೋಯಿತು. ಇದ್ದಿಲಮ್ಮ ತಾವೇ ಊರಿಗೆ ಹೋಗಿ ಹೇಳಿದಾಗ ಮರುಳಪ್ಪನವರು ಸ್ವಲ್ಪ ಯೋಚಿಸಿ, "ನಮ್ಮಜ್ಜನ ಅಜ್ಜಂಗಿಂತ ಹಳೇದು, ಅಲ್ವಾ?" ಎಂದರು.

"ಓ, ಎಷ್ಟೋ ಹಳೇದು."

"ಸಾಕು ಬಿಡಿ ಅಮ್ಮ."

ಆ ಬೇಸಿಗೆಯೇ ಕೊಪ್ಪದಲ್ಲಿ ಇದ್ದಿಲಮ್ಮನ ಕೊನೆಯ ಬೇಸಿಗೆ. ನಿವೃತ್ತಿಯಾಯಿತು, ಮೈಸೂರು ಸೇರಿದರು. ಹೋಗುವಾಗ ಕೋಣೆಯಲ್ಲಿ ಉಳಿದಿದ್ದ ಬೆಳ್ಳಿ ಹಾಳೆಯ ಸುರುಳಿ ನನಗೆ ಕೊಟ್ಟು, "ಸಾರು ಉಳಿದ್ರೆ ಮುಚ್ಚಿಡಿ" ಎಂದರು. ಆಮೇಲೆ ಆಗೊಮ್ಮೆ ಈಗೊಮ್ಮೆ ಫೋನು. ಪ್ರತಿ ಸಲವೂ ಮೊದಲು ಕೇಳುತ್ತಿದ್ದದ್ದು ನನ್ನ ಆರೋಗ್ಯವನ್ನಲ್ಲ, ಕೆರೆಯಲ್ಲಿ ನೀರೆಷ್ಟಿದೆ ಎಂದು. ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಫೋನು ಬರುವುದಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಸುದ್ದಿ ತಿಳಿದ ಮೇಲೆ ಮರುಳಪ್ಪನವರಿಗೆ ಫೋನಿನಲ್ಲಿ ಹೇಳಲು ಮನಸ್ಸಾಗದೆ ಬಸ್ಸು ಹತ್ತಿ ಹೋದೆ. ಬೆನ್ನು ಬಾಗಿದೆ, ಗುರುತು ಹಿಡಿದರು. ಏರಿಯ ಬೋರ್ಡು ಬದಲಾಗಿತ್ತು. 'ಈ ಕೆರೆಗೆ ಐನೂರು ವರ್ಷ, ಹೆಚ್ಚು ಕಡಿಮೆ' ಎಂದು ಬಣ್ಣದಲ್ಲಿ ಬರೆಸಿದ್ದರು. ವಿಷಯ ಹೇಳಿದೆ. ಮರುಳಪ್ಪನವರು ನೀರಿನ ಕಡೆ ತಿರುಗಿದರು.

"ಎಷ್ಟಾಗಿತ್ತು ಅವ್ರಿಗೆ?"

"ಎಂಬತ್ತು ಇರಬಹುದು."

"ಹೆಚ್ಚು ಕಡಿಮೆ" ಎಂದು ಅವರೇ ಸೇರಿಸಿದರು.

ಅಷ್ಟರಲ್ಲಿ ಊರಿನ ನಾಲ್ಕಾರು ಜನ ಸೇರಿದ್ದರು. ಯಾರೋ ಅಂಗಡಿಯಿಂದ ಹೂವು, ಊದಿನಕಡ್ಡಿ ತಂದರು. ಫೋಟೋ ಇರಲಿಲ್ಲ. ಕಟ್ಟೆಯ ಮೇಲಿನ ದಿಮ್ಮಿಯ ಮುಂದೆಯೇ ಹೂವಿಟ್ಟು ಊದಿನಕಡ್ಡಿ ಹಚ್ಚಲು ಬೆಂಕಿಕಡ್ಡಿ ಗೀರಿದರು. ಆ ದಿಮ್ಮಿಯಿಂದ ಇನ್ನು ಯಾರೂ ಏನನ್ನೂ ಅಳೆಯುವುದಿಲ್ಲ. ಅದು ಆಯಿಲು ಕುಡಿದು ಎಂದೋ ಕೆಟ್ಟದ್ದು. ಮರುಳಪ್ಪನವರು ಕೋಲೂರಿಕೊಂಡು ಹೋಗಿ, ಹಚ್ಚುತ್ತಿದ್ದವನ ಕೈ ಹಿಡಿದರು.

"ಅಲ್ಲಿ ಬೇಡ ಮಾರಾಯ, ಹೊಗೆ ತಾಗ್ತದೆ. ಆಚೆ ಹಚ್ಚು. ಅಮ್ಮ ಬೈತಾರೆ."